ಮ್ಯಾಪ್ ಯಾಕೆ ಗಿರಾಕಿಗಳನ್ನು ಪೇಟೆಗೆ ಕಳಿಸಲ್ಲ? ಬೈಪಾಸ್, ‘ಹತ್ತಿರದ ದಾರಿ’ ಮತ್ತು ನಮ್ಮ ತಾಲ್ಲೂಕುಗಳ ಲೆಕ್ಕ

ರಾಮನಗರ: ಚನ್ನಪಟ್ಟಣದ ಹಳೇ ಹೆದ್ದಾರಿ ಪಕ್ಕದ ಗೊಂಬೆ ಅಂಗಡಿ ಇರಲಿ, ರಾಮನಗರದ ಟಿಫನ್ ಹೋಟೆಲ್ ಇರಲಿ, ಹತ್ತು ನಿಮಿಷ ಕೂತರೆ ಒಂದು ಮಾತು ಬಂದೇ ಬರುತ್ತೆ. ‘ಮೊದಲು ಮೈಸೂರಿಗೆ ಹೋಗೋರೆಲ್ಲ ನಮ್ಮ ಮುಂದೆಯೇ ಹೋಗೋರು. ಈಗ ಮೊಬೈಲ್ ಮ್ಯಾಪ್ ಹಾಕ್ಕೊಂಡು ಬೈಪಾಸ್‌ನಲ್ಲೇ ಹೊರಟು ಹೋಗ್ತಾರೆ’. ಬೈಯ್ಯೋದು ಸರ್ಕಾರವನ್ನು ಸ್ವಲ್ಪ, ಹೆದ್ದಾರಿ ಪ್ರಾಧಿಕಾರವನ್ನು ಸ್ವಲ್ಪ, ಮ್ಯಾಪ್ ಅನ್ನು ಜಾಸ್ತಿ.

ಮ್ಯಾಪ್‌ಗೆ ನಮ್ಮ ಊರಿನ ಮೇಲೆ ಸಿಟ್ಟಿಲ್ಲ. ಅದು ಲೆಕ್ಕ ಹಾಕುತ್ತೆ, ಅಷ್ಟೇ. ಆದರೆ ಆ ಲೆಕ್ಕದ ಪುಸ್ತಕದಲ್ಲಿ ಯಾರು ಏನು ಬರೆದಿದ್ದಾರೆ ಅನ್ನೋದು ನಮ್ಮ ವ್ಯಾಪಾರಕ್ಕೂ, ಆಂಬುಲೆನ್ಸ್‌ಗೂ, ಶಾಲೆಗೆ ನಡೆಯುವ ಮಕ್ಕಳಿಗೂ ಸಂಬಂಧಪಟ್ಟ ವಿಷಯ. ಆ ಪುಸ್ತಕವನ್ನು ನಮ್ಮ ಕಡೆಯವರು ಯಾರೂ ತೆರೆದು ನೋಡುತ್ತಿಲ್ಲ ಎಂಬುದೇ ಈ ಬರಹದ ತಕರಾರು.

ಮಾಗಡಿಯಿಂದ ಕನಕಪುರಕ್ಕೆ ಒಂದು ಲೆಕ್ಕ

ನಾವು ಪರದೆ ಮೇಲೆ ನೋಡುವ ಮ್ಯಾಪ್ ಚಿತ್ರದ ಥರ ಕಂಡರೂ, ಸಾಫ್ಟ್‌ವೇರ್‌ಗೆ ಅದು ಚಿತ್ರ ಅಲ್ಲ. ರಸ್ತೆ ಅಂದರೆ ಗೆರೆ, ರಸ್ತೆಗಳು ಸೇರುವ ಜಾಗ ಅಂದರೆ ಗಂಟು. ಮೀನಿನ ಬಲೆ ನೆನೆಸಿಕೊಳ್ಳಿ. ಪ್ರತಿ ಗೆರೆಗೂ ಒಂದೊಂದು ಚೀಟಿ ಕಟ್ಟಿರುತ್ತೆ: ಎಷ್ಟು ಉದ್ದ, ಎಷ್ಟು ವೇಗ, ಒನ್‌ವೇ ಹೌದೋ ಅಲ್ಲವೋ, ಯಾವ ಗಾಡಿ ಹೋಗಬಹುದು. ಇದಕ್ಕೆ ವೆಕ್ಟರ್ ಜಾಲ ಅಂತಾರೆ. ದಾರಿ ಹುಡುಕೋದು ಅಂದರೆ ಈ ಚೀಟಿಗಳನ್ನು ಕೂಡೋದು.

ಈಗ ಮಾಗಡಿಯಿಂದ ಕನಕಪುರಕ್ಕೆ ಹೋಗಬೇಕು ಅಂತಿಟ್ಟುಕೊಳ್ಳಿ. ರಾಮನಗರದ ಮೇಲೆ ಹೋಗಬಹುದು, ಇಲ್ಲವೇ ಬಿಡದಿ, ಹಾರೋಹಳ್ಳಿ ಮೇಲೆ ಹೋಗಬಹುದು. ನಿಮಿಷಗಳನ್ನು ಸುಮ್ಮನೆ ಲೆಕ್ಕಕ್ಕೆ ಹಾಕೋಣ, ಗಡಿಯಾರ ಹಿಡಿದು ಅಳೆದದ್ದಲ್ಲ. ಮಾಗಡಿ–ಬಿಡದಿ 50, ಮಾಗಡಿ–ರಾಮನಗರ 55, ಬಿಡದಿ–ರಾಮನಗರ 20, ಬಿಡದಿ–ಹಾರೋಹಳ್ಳಿ 35, ಹಾರೋಹಳ್ಳಿ–ಕನಕಪುರ 30, ರಾಮನಗರ–ಕನಕಪುರ 45.

ಸಾಫ್ಟ್‌ವೇರ್ ಮಾಗಡಿಯಲ್ಲಿ ನಿಂತು, ಎಲ್ಲಕ್ಕಿಂತ ಬೇಗ ಮುಟ್ಟುವ ಗಂಟು ಯಾವುದು ಅಂತ ನೋಡುತ್ತೆ. ಬಿಡದಿ, 50 ನಿಮಿಷ. ಅದನ್ನು ಖಾಯಂ ಮಾಡುತ್ತೆ. ಆಮೇಲೆ ರಾಮನಗರ. ನೇರ ಹೋದರೆ 55, ಬಿಡದಿ ಸುತ್ತಿ ಹೋದರೆ 70. ಹಾಗಾಗಿ 55 ಖಾಯಂ. ನಂತರ ಹಾರೋಹಳ್ಳಿ 85ಕ್ಕೆ. ಕೊನೆಗೆ ಕನಕಪುರ: ರಾಮನಗರದ ಮೇಲೆ 100, ಹಾರೋಹಳ್ಳಿ ಮೇಲೆ 115. ಉತ್ತರ ಬಂತು, ರಾಮನಗರದ ಮೇಲೆ ಹೋಗಿ. ಒಮ್ಮೆ ಖಾಯಂ ಆದ ಊರನ್ನು ಮತ್ತೆ ಮುಟ್ಟೋದಿಲ್ಲ, ಇದೇ ಇದರ ಜಾಣತನ. ಎಲ್ಲ ದಾರಿಗಳನ್ನೂ ಒಂದೊಂದಾಗಿ ಪರೀಕ್ಷೆ ಮಾಡುತ್ತಾ ಕೂತರೆ ಕಂಪ್ಯೂಟರ್ ಕೂಡ ಸುಸ್ತಾಗುತ್ತೆ.

ಈ ವಿಧಾನ ಕಂಡುಹಿಡಿದವರು ನೆದರ್ಲೆಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ. 1956ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಮದುವೆಯಾಗಲಿದ್ದ ಹುಡುಗಿ ಜತೆ ಅಂಗಡಿ ಸುತ್ತಿ ಸುಸ್ತಾಗಿ ಕಾಫಿಗೆ ಕೂತಾಗ, ಪೆನ್ನು ಕಾಗದ ಇಲ್ಲದೆ ಸುಮಾರು 20 ನಿಮಿಷದಲ್ಲಿ ಹೊಳೆಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. 1959ರಲ್ಲಿ ಅಚ್ಚಾಯಿತು. ಇವತ್ತಿನ ಮೊಬೈಲ್ ಮ್ಯಾಪ್‌ಗಳು ಅದಕ್ಕೆ ಬೇಕಾದಷ್ಟು ಒಳದಾರಿ ಸೇರಿಸಿಕೊಂಡಿವೆ. ಆದರೂ ಬುಡ ಅದೇ.

ಈಗ ಮೇಲಿನ ಲೆಕ್ಕದಲ್ಲಿ ಒಂದೇ ಒಂದು ಚೀಟಿ ಬದಲಿಸಿ. ರಾಮನಗರ ಪೇಟೆ ದಾಟಲು ಟ್ರಾಫಿಕ್‌ನಿಂದ ಇನ್ನೂ 20 ನಿಮಿಷ ಬೇಕು ಅಂತ ಬರೆಯಿರಿ. 100 ಹೋಗಿ 120 ಆಯ್ತು, ಹಾರೋಹಳ್ಳಿ ದಾರಿ 115ರಲ್ಲಿ ಗೆದ್ದುಬಿಡ್ತು. ರಸ್ತೆ ಬದಲಾಗಲಿಲ್ಲ, ಊರು ಬದಲಾಗಲಿಲ್ಲ. ಒಂದು ಅಂಕಿ ಬದಲಾಗಿ ಆ ದಿನದ ಗಾಡಿಗಳೆಲ್ಲ ಬೇರೆ ಊರಿನ ಮುಂದೆ ಹೋದವು.

ಬೈಪಾಸ್ ಎದುರು ಪೇಟೆ ಗೆಲ್ಲೋದಿಲ್ಲ

ಬೆಂಗಳೂರು–ಮೈಸೂರು ಹತ್ತು ಪಥದ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಮಂಡ್ಯ ಜಿಲ್ಲೆಯಲ್ಲಿ ಉದ್ಘಾಟಿಸಿದರು. ಸುಮಾರು 118 ಕಿ.ಮೀ., ಖರ್ಚು ಸುಮಾರು 8,480 ಕೋಟಿ ರೂಪಾಯಿ. ಮೂರು ಗಂಟೆಯ ಪ್ರಯಾಣ 75 ನಿಮಿಷಕ್ಕೆ ಇಳಿಯುತ್ತೆ ಅಂತ ಆಗ ಹೇಳಿದ್ದು ಎಲ್ಲರಿಗೂ ನೆನಪಿದೆ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಇಷ್ಟೂ ಕಡೆ ಊರು ತಪ್ಪಿಸಿ ಹೋಗುವ ವ್ಯವಸ್ಥೆ. ಇವುಗಳಲ್ಲಿ ಎಲ್ಲಕ್ಕಿಂತ ಉದ್ದದ್ದು ನಮ್ಮದೇ, ಸುಮಾರು 22 ಕಿ.ಮೀ.

ಲೆಕ್ಕ ನೋಡಿ. 22 ಕಿ.ಮೀ. ಬೈಪಾಸನ್ನು ಗಂಟೆಗೆ 80ರಂತೆ ಓಡಿಸಿದರೆ 16ರಿಂದ 17 ನಿಮಿಷ. ಹಳೇ ರಸ್ತೆಯೂ ಹೆಚ್ಚುಕಮ್ಮಿ ಅಷ್ಟೇ ಉದ್ದ ಅಂತಿಟ್ಟುಕೊಂಡು, ಸಿಗ್ನಲ್, ಹಂಪ್, ಬಸ್ ನಿಲ್ದಾಣದ ಗಲಾಟೆ ಎಲ್ಲ ಸೇರಿ ಸರಾಸರಿ 35ರಲ್ಲಿ ಹೋದರೆ 38 ನಿಮಿಷ. ವ್ಯತ್ಯಾಸ 20 ನಿಮಿಷ ದಾಟುತ್ತೆ. ಯಾವ ಕಂಪನಿಯ ಮ್ಯಾಪ್ ಆದರೂ ಬೈಪಾಸನ್ನೇ ಹೇಳುತ್ತೆ. ಹೇಳದಿದ್ದರೆ ಅದು ಕೆಟ್ಟ ಮ್ಯಾಪ್. ರಸ್ತೆ ಅಗಲ ಮಾಡಿಸಿ, ಹಂಪ್ ತೆಗೆಸಿ, ಏನೇ ಮಾಡಿದರೂ ಪೇಟೆ ರಸ್ತೆ ಆ 20 ನಿಮಿಷವನ್ನು ತುಂಬಿಕೊಡಲಾರದು. ಕಹಿ ಮಾತು, ಆದರೆ ಅಂಗಡಿಯವರಿಗೆ ಇದನ್ನು ನೇರವಾಗಿ ಹೇಳದೆ ‘ಬೋರ್ಡ್ ಹಾಕಿಸ್ತೀವಿ, ಸರಿ ಹೋಗುತ್ತೆ’ ಅನ್ನೋ ಭರವಸೆ ಕೊಡುತ್ತಾ ಬಂದಿರುವುದು ಸರಿಯಲ್ಲ.

ಒಂದು ಸಣ್ಣ ಕಿಂಡಿ ಇದೆ. ಮ್ಯಾಪ್‌ನಲ್ಲಿ ‘ಟೋಲ್ ಬೇಡ’ ಅಂತ ಆಯ್ಕೆ ಮಾಡಿದವರಿಗೆ ಟೋಲ್ ಇರುವ ಗೆರೆಗಳು ಲೆಕ್ಕದಿಂದ ಹೊರಗೆ ಹೋಗುತ್ತವೆ, ಹಳೇ ರಸ್ತೆ ಮತ್ತೆ ಪಟ್ಟಿಗೆ ಬರುತ್ತೆ. ಕುಟುಂಬ ಸಮೇತ ನಿಧಾನಕ್ಕೆ ಹೋಗೋರು, ಟೋಲ್ ಉಳಿಸೋರು ಈ ದಾರಿಗೆ ಸಿಗುತ್ತಾರೆ. ಆದರೆ ಅದನ್ನು ನಂಬಿ ಅಂಗಡಿ ಬಾಡಿಗೆ ಕಟ್ಟೋಕಾಗಲ್ಲ.

ಇಲ್ಲಿಂದ ಮುಂದೆ ಅಂಗಡಿಯವರು ಬೇರೆ ಥರ ಯೋಚಿಸಬೇಕು ಅಂತ ನನಗನ್ನಿಸುತ್ತೆ. ಜಾಲದಲ್ಲಿ ಊರೊಂದು ಎರಡು ರೀತಿಯಲ್ಲಿ ಇರಬಹುದು. ದಾರಿಯಲ್ಲಿ ಸಿಗುವ ಊರಾಗಿ ಇರಬಹುದು, ಇಲ್ಲವೇ ಹೋಗಬೇಕಾದ ಊರಾಗಿ ಇರಬಹುದು. ‘ಬೆಂಗಳೂರಿನಿಂದ ಮೈಸೂರು’ ಅಂತ ಒತ್ತಿದರೆ ಚನ್ನಪಟ್ಟಣ ಸಿಗಲ್ಲ. ಮಧ್ಯೆ ಒಂದು ‘ಸ್ಟಾಪ್’ ಸೇರಿಸಿದರೆ ಅದೇ ಮ್ಯಾಪ್ ಮರುಮಾತಿಲ್ಲದೆ ಅಂಗಡಿ ಬಾಗಿಲಿಗೇ ತಂದು ನಿಲ್ಲಿಸುತ್ತೆ. ಚನ್ನಪಟ್ಟಣದ ಅರಗಿನ ಗೊಂಬೆಗೆ ಜಿಐ ಮಾನ್ಯತೆ ಇದೆ, ಹೆಸರಿದೆ. ಹುಡುಕಿಕೊಂಡು ಬರುವ ವಸ್ತು ಅದು. ಜಾನಪದ ಲೋಕ, ಕೆಂಗಲ್ ಆಂಜನೇಯ, ರಾಮದೇವರ ಬೆಟ್ಟ ಕೂಡ ಹಾಗೇ. ಟೀ, ಬಿಸ್ಕತ್ತು, ನೀರಿನ ಬಾಟಲಿ ಮಾರೋರಿಗೆ ಈ ಮಾತು ಸಮಾಧಾನ ಕೊಡಲ್ಲ, ಅದು ನನಗೂ ಗೊತ್ತು. ಅವರ ವ್ಯಾಪಾರ ಇದ್ದದ್ದೇ ಹಾದು ಹೋಗುವ ಗಾಡಿಯಿಂದ.

ಸ್ಟಾಪ್ ಹಾಕಿಕೊಂಡು ಬರೋರಿಗಾದರೂ ದಾರಿ ಸರಿಯಾಗಿ ಸಿಗಬೇಕಲ್ಲ. ಅಂಗಡಿಯ ಗುರುತು ಮ್ಯಾಪ್‌ನಲ್ಲಿ ಹಿಂದಿನ ಬೀದಿಯ ಕಡೆ ಬಿದ್ದಿದ್ದರೆ, ಸಾಫ್ಟ್‌ವೇರ್ ಆ ಗುರುತಿಗೆ ಹತ್ತಿರದ ಗೆರೆ ಯಾವುದೋ ಅದಕ್ಕೆ ಗಾಡಿ ತಂದು ನಿಲ್ಲಿಸುತ್ತೆ. ಅದು ಗಲ್ಲಿಯಾದರೂ ಸರಿ, ಬೈಪಾಸ್ ಆದರೂ ಸರಿ. ಹೆದ್ದಾರಿಗೆ ತಾಗಿದ ಜಮೀನಿನಲ್ಲಿ ಇರುವ ಡಾಬಾ, ತೋಟದ ಮನೆ, ಕಲ್ಯಾಣ ಮಂಟಪಗಳಿಗೆ ಇದು ದೊಡ್ಡ ತೊಂದರೆ. ಮದುವೆಗೆ ಬಂದವರು ಬೇಲಿ ಆಚೆ ನಿಂತು ಫೋನ್ ಮಾಡ್ತಾರೆ, ‘ನೀವು ಕಾಣ್ತಿದೀರಿ, ಬರೋದು ಹೇಗೆ?’ ಅಂತ. ಗುರುತನ್ನು ಬಾಗಿಲಿರುವ ರಸ್ತೆ ಕಡೆ ಸರಿಸೋದು ಐದು ನಿಮಿಷದ ಕೆಲಸ, ದುಡ್ಡೂ ಬೇಕಿಲ್ಲ.

ಕಾರಿನ ಮ್ಯಾಪ್ ಬೇರೆ, ಸ್ಕೂಟರ್ ಮ್ಯಾಪ್ ಬೇರೆ

2023ರ ಆಗಸ್ಟ್ 1ರಿಂದ ಈ ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕ್, ಆಟೋ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶ ಇಲ್ಲ. ಉದ್ಘಾಟನೆಯ ಮೊದಲ ತಿಂಗಳುಗಳಲ್ಲಿ ಅಪಘಾತ ಹೆಚ್ಚಾದ ಮೇಲೆ ಬಂದ ನಿರ್ಧಾರ. ನಮ್ಮ ಲೆಕ್ಕದ ಭಾಷೆಯಲ್ಲಿ ಹೇಳೋದಾದರೆ, ಅಂದಿನಿಂದ ಈ ಜಿಲ್ಲೆಗೆ ಎರಡು ಜಾಲ. ಕಾರಿನ ಜಾಲದಲ್ಲಿ ಬೈಪಾಸ್ ಇದೆ, ಸ್ಕೂಟರಿನ ಜಾಲದಲ್ಲಿ ಇಲ್ಲ. ಸ್ಕೂಟರಿನವರಿಗೆ ರಾಮನಗರದಿಂದ ಚನ್ನಪಟ್ಟಣಕ್ಕೆ ಹತ್ತಿರದ ದಾರಿ ಇವತ್ತಿಗೂ ಪೇಟೆಯೊಳಗಿನ ಹಳೇ ರಸ್ತೆಯೇ. ಊರಲ್ಲಿ ನಿಲ್ಲುವ ಬಸ್ಸುಗಳದ್ದೂ ಅದೇ ದಾರಿ. ಅಂದರೆ ಹಳೇ ಹೆದ್ದಾರಿ ಅಂಗಡಿಗೆ ಈಗ ಉಳಿದಿರುವ ಗಿರಾಕಿ ತಾಲ್ಲೂಕಿನವನೇ. ಕೆಲವರು ಇದನ್ನು ಬೇಗ ಅರ್ಥ ಮಾಡಿಕೊಂಡು ಮೈಸೂರು ಪ್ರವಾಸಿಗರ ಸಾಮಾನು ಕಡಿಮೆ ಮಾಡಿ ಊರಿನವರ ಸಾಮಾನು ಇಟ್ಟರು.

ತೊಂದರೆ ಬರೋದು ಗಾಡಿ ಯಾವುದು ಅಂತ ಮ್ಯಾಪ್‌ಗೆ ಹೇಳದಿದ್ದಾಗ. ಕಾರಿನ ಗುರುತಲ್ಲೇ ಬಿಟ್ಟುಕೊಂಡು ಸ್ಕೂಟರ್ ಓಡಿಸಿದರೆ ಅದು ಬೈಪಾಸ್‌ಗೇ ಕಳಿಸುತ್ತೆ. ಮೊದಲೇ ಬೈಕ್ ಗುರುತು ಒತ್ತಿಬಿಡಿ.

ಸೇತುವೆ ಮೇಲಿಂದ ಕೆಳಗೆ ಹಾರಿಸುವ ತಪ್ಪು

ಜಾಲದಲ್ಲಿ ಜಾಸ್ತಿ ಅಪಾಯದ್ದು ಗಂಟಿನ ತಪ್ಪು. ಬೈಪಾಸ್ ಮೇಲೆ, ಹಳ್ಳಿ ರಸ್ತೆ ಅದರ ಕೆಳಗಿನ ಅಂಡರ್‌ಪಾಸ್‌ನಲ್ಲಿ. ಕಾಗದದ ಮೇಲೆ ಎರಡು ಗೆರೆಗಳೂ ಒಂದನ್ನೊಂದು ದಾಟುತ್ತವೆ. ಅಲ್ಲಿ ಯಾರಾದರೂ ಗೊತ್ತಿಲ್ಲದೆ ಗಂಟು ಹಾಕಿದರೆ, ಸಾಫ್ಟ್‌ವೇರ್ ಪಾಲಿಗೆ ಬೈಪಾಸ್‌ನಿಂದ ಹಳ್ಳಿ ರಸ್ತೆಗೆ ತಿರುಗಬಹುದು. ‘ಇಲ್ಲಿ ಎಡಕ್ಕೆ ತಿರುಗಿ’ ಅನ್ನುತ್ತೆ, ಎಡಕ್ಕೆ ನೋಡಿದರೆ ತಡೆಗೋಡೆ, ಕೆಳಗೆ ರಾಗಿ ಹೊಲ. ಇದರ ಉಲ್ಟಾ ತಪ್ಪೂ ಆಗುತ್ತೆ. ನಿಜಕ್ಕೂ ಸೇರುವ ಎರಡು ಹಳ್ಳಿ ರಸ್ತೆಗಳ ತುದಿ ಗೆರೆಯಲ್ಲಿ ಒಂದಡಿ ಬಿಟ್ಟಿದ್ದರೂ ಸಾಫ್ಟ್‌ವೇರ್‌ಗೆ ಅದು ಕಂದಕ. ಹತ್ತಿರದ ದಾರಿ ಇದ್ದೂ ಹತ್ತು ಕಿ.ಮೀ. ಸುತ್ತಿಸುತ್ತೆ.

ಇನ್ನೊಂದು, ಮಳೆ. ಚೀಟಿಯಲ್ಲಿ ಉದ್ದ ಇದೆ, ವೇಗ ಇದೆ, ನೀರಿಗೆ ಕಾಲಂ ಇಲ್ಲ. 2022ರ ಆಗಸ್ಟ್ ಕೊನೆಯ ಮಳೆಯಲ್ಲಿ ರಾಮನಗರದ ಬಳಿ ಹೆದ್ದಾರಿಯೇ ಕೆರೆಯಾಗಿ ಬಸ್ಸು, ಕಾರು ನೀರಲ್ಲಿ ನಿಂತಿದ್ದನ್ನು ನಾವೇ ನೋಡಿದ್ದೇವೆ. ಉದ್ಘಾಟನೆಯಾಗಿ ವಾರ ಕಳೆಯುವಷ್ಟರಲ್ಲಿ, 2023ರ ಮಾರ್ಚ್‌ನಲ್ಲಿ, ಸಂಗಬಸವನದೊಡ್ಡಿ ಹತ್ತಿರ ಮತ್ತೆ ನೀರು ನಿಂತಿತು. ಗಾಡಿಗಳು ನಿಂತ ಮೇಲೆ ಮ್ಯಾಪ್‌ಗೆ ‘ಇಲ್ಲಿ ಟ್ರಾಫಿಕ್’ ಅಂತ ಗೊತ್ತಾಗುತ್ತೆ. ಮೊದಲು ಹೋದ ಗಾಡಿಗೆ ಅದರಿಂದ ಏನು ಉಪಯೋಗ? ದಿನಕ್ಕೆ ನಾಲ್ಕು ಗಾಡಿ ಓಡುವ ಹಳ್ಳಿ ದಾರಿಯಲ್ಲಂತೂ ಟ್ರಾಫಿಕ್‌ನ ಸುಳಿವೇ ಸಿಗಲ್ಲ.

2024ರ ಜೂನ್‌ನಲ್ಲಿ ಕಾಸರಗೋಡು ಜಿಲ್ಲೆಯ ಪಳ್ಳಂಚಿಯಲ್ಲಿ ಕತ್ತಲಲ್ಲಿ ಮ್ಯಾಪ್ ನಂಬಿ ಬಂದ ಇಬ್ಬರು ಯುವಕರ ಕಾರು ತುಂಬಿ ಹರಿಯುತ್ತಿದ್ದ ಹೊಳೆಗೆ ಹೋಯಿತು. ಕರ್ನಾಟಕದ ಆಸ್ಪತ್ರೆಗೆ ಹೊರಟಿದ್ದವರು. ಮರ ಹಿಡಿದುಕೊಂಡು ಬದುಕಿದರು, ಅಗ್ನಿಶಾಮಕದವರು ಬಂದು ಎತ್ತಿದರು. ಅದೇ ವರ್ಷದ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ಅರ್ಧಕ್ಕೆ ನಿಂತ ಸೇತುವೆಯಿಂದ ಕಾರು ಬಿದ್ದು ಮೂವರು ಸತ್ತರು. ಅಲ್ಲಿ ಸೇತುವೆ ಅಡ್ಡಗಟ್ಟದೆ ಬಿಟ್ಟವರ ತಪ್ಪೂ ಇತ್ತು, ಎಲ್ಲವನ್ನೂ ಮ್ಯಾಪ್ ತಲೆಗೆ ಕಟ್ಟೋದು ಸುಲಭ. ನಮ್ಮಲ್ಲೂ ಅರ್ಕಾವತಿ, ಕಣ್ವ ಹರಿಯುವ ಕಡೆ ಮಳೆಗಾಲದಲ್ಲಿ ಮುಳುಗುವ ಕೆಳಮಟ್ಟದ ಸೇತುವೆಗಳಿವೆ. ಯಾವುದು ಯಾವ ಮಳೆಗೆ ಮುಳುಗುತ್ತೆ ಅಂತ ಊರಿನ ಕುರಿ ಕಾಯೋ ಹುಡುಗನಿಗೆ ಗೊತ್ತು, ಮ್ಯಾಪ್‌ಗೆ ಗೊತ್ತಿಲ್ಲ.

ಆಂಬುಲೆನ್ಸ್ ಎಷ್ಟು ಸುತ್ತಬೇಕು?

ಬೈಪಾಸ್‌ನ ಎರಡೂ ಬದಿ ಒನ್‌ವೇ. ಮೈಸೂರಿನಿಂದ ಬರುವ ಬದಿಯಲ್ಲಿ ಅಪಘಾತ ಆಯ್ತು ಅಂತಿಟ್ಟುಕೊಳ್ಳಿ. ಜಾಗ ಪೇಟೆ ಆಸ್ಪತ್ರೆಯಿಂದ ಆಕಾಶದಲ್ಲಿ ಗೆರೆ ಎಳೆದರೆ 2 ಕಿ.ಮೀ. ಇರಬಹುದು. ಆದರೆ ಆಂಬುಲೆನ್ಸ್ ಆ ಬದಿಗೆ ಹತ್ತುವ ಜಾಗ ಎಲ್ಲಿದೆಯೋ ಅಲ್ಲಿಯವರೆಗೆ ಹೋಗಿ, ಅಲ್ಲಿಂದ ಗಾಡಿಗಳ ಜತೆಗೇ ಬರಬೇಕು. ಹತ್ತುವ, ಇಳಿಯುವ ಜಾಗಗಳು ಇಷ್ಟು ದೂರ ಇರುವ 22 ಕಿ.ಮೀ. ರಸ್ತೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ‘ಆಸ್ಪತ್ರೆ 2 ಕಿ.ಮೀ.ನಲ್ಲೇ ಇದೆ’ ಅಂತ ಯಾರಾದರೂ ಸಭೆಯಲ್ಲಿ ಹೇಳಿದರೆ, ‘ಯಾವ ಬದಿಯಿಂದ ಸ್ವಾಮಿ?’ ಅಂತ ಕೇಳಬೇಕು.

ಶಾಲೆ ವಿಷಯದಲ್ಲೂ ಇದೇ ಕಥೆ. ಶಿಕ್ಷಣ ಹಕ್ಕು ಕಾಯ್ದೆಯ ಮಾದರಿ ನಿಯಮ 1ರಿಂದ 5ನೇ ತರಗತಿಗೆ 1 ಕಿ.ಮೀ., 6ರಿಂದ 8ಕ್ಕೆ 3 ಕಿ.ಮೀ. ನಡಿಗೆ ದೂರದೊಳಗೆ ಶಾಲೆ ಇರಬೇಕು ಅನ್ನುತ್ತೆ. ನಡಿಗೆ ದೂರ, ಕಾಗೆ ಹಾರುವ ದೂರ ಅಲ್ಲ. ಬೇಲಿ ಹಾಕಿದ ಹೆದ್ದಾರಿ ಆಚೆ ಶಾಲೆ ಕಾಣುತ್ತಿದ್ದರೂ ಮಗು ಅಂಡರ್‌ಪಾಸ್ ತನಕ ಹೋಗಿ ವಾಪಸ್ ಬರಬೇಕಾದರೆ 400 ಮೀಟರ್ ಅನ್ನೋದು 2 ಕಿ.ಮೀ. ಆಗಬಹುದು. ರೈಲು ಹಳಿಯ ಆಚೆ ಈಚೆಯ ಬಡಾವಣೆಗಳಿಗೂ ಇದೇ ಮಾತು. ಶಾಲೆ ವಿಲೀನ, ಅಂಗನವಾಡಿ, ರೇಷನ್ ಅಂಗಡಿ ಸ್ಥಳಾಂತರ ಅಂತ ಪ್ರಸ್ತಾವ ಬಂದಾಗ ಅದರಲ್ಲಿರುವ ದೂರ ಯಾವ ರೀತಿಯದ್ದು ಅಂತ ಗ್ರಾಮಸಭೆಯಲ್ಲಿ ಕೇಳಲೇಬೇಕಾದ ಪ್ರಶ್ನೆ.

ಈ ಲೆಕ್ಕ ಹಾಕಲು ದೊಡ್ಡ ಕಚೇರಿ ಬೇಕಿಲ್ಲ. ಕ್ಯೂಜಿಐಎಸ್ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ. ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ನಡೆಯುತ್ತೆ. ರಸ್ತೆಗಳ ಗೆರೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಪುಕ್ಕಟೆ ಸಿಗುತ್ತೆ, ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆಗಳ ಮಾಹಿತಿಯನ್ನು ಕೇಂದ್ರ ಸರ್ಕಾರವೇ 2022ರಲ್ಲಿ ಸಾರ್ವಜನಿಕರಿಗೆ ಬಿಟ್ಟಿದೆ. ಅದರಲ್ಲಿ ‘ಶಾರ್ಟೆಸ್ಟ್ ಪಾತ್’ ಅನ್ನೋ ಸಾಧನ ತೆರೆದು, ಎಲ್ಲಿಂದ ಎಲ್ಲಿಗೆ ಅಂತ ಎರಡು ಕಡೆ ಒತ್ತಿದರೆ ದಾರಿ ಬರುತ್ತೆ. ಉದ್ದ ಕಡಿಮೆ ಬೇಕೋ, ಸಮಯ ಕಡಿಮೆ ಬೇಕೋ ಅಂತ ಕೇಳುತ್ತೆ. ‘ಸರ್ವೀಸ್ ಏರಿಯಾ’ ಅನ್ನೋ ಇನ್ನೊಂದು ಸಾಧನ, ಒಂದು ಆಸ್ಪತ್ರೆಯಿಂದ ಇಷ್ಟು ಕಿ.ಮೀ. ಒಳಗೆ ಯಾವ್ಯಾವ ರಸ್ತೆ ಮುಟ್ಟಬಹುದು ಅಂತ ತೋರಿಸುತ್ತೆ. ಯಾವ ಹಳ್ಳಿ ಅದರ ಹೊರಗೆ ಉಳಿಯಿತು ಅಂತ ಕಣ್ಣಿಗೆ ಕಾಣುತ್ತೆ. ಹಾಲಿನ ಗಾಡಿ ಹತ್ತು ಡೇರಿ ಸುತ್ತಿ ಬರುವ ಲೆಕ್ಕ ಮಾತ್ರ ಇದರಲ್ಲಿ ಆಗಲ್ಲ, ಅದು ಬೇರೆಯೇ, ಇನ್ನೂ ಕಷ್ಟದ್ದು.

ಕಂಪ್ಯೂಟರ್ ಗೊತ್ತಿರುವ ಹುಡುಗರಿಗೆ ಒಂದು ಎಚ್ಚರಿಕೆ. ವೇಗದ ಕಾಲಂ ಖಾಲಿ ಬಿಟ್ಟರೆ ಕ್ಯೂಜಿಐಎಸ್ ತಾನಾಗೇ ಎಲ್ಲ ರಸ್ತೆಗೂ ಗಂಟೆಗೆ 50 ಕಿ.ಮೀ. ಅಂತ ಹಿಡಿಯುತ್ತೆ. ಬೈಪಾಸ್‌ಗೂ 50, ಮಾಗಡಿ ಕಡೆಯ ಗುಂಡಿ ಬಿದ್ದ ಹೊಲದ ದಾರಿಗೂ 50. ಒನ್‌ವೇ ಕಾಲಂ ತೋರಿಸದಿದ್ದರೆ ಹೆದ್ದಾರಿಯಲ್ಲಿ ಎದುರು ದಿಕ್ಕಿಗೂ ಗಾಡಿ ಓಡಿಸುತ್ತೆ. ಪರದೆ ಮೇಲೆ ಬಂದ ಬಣ್ಣದ ಗೆರೆ ಎಷ್ಟು ಚೆನ್ನಾಗಿ ಕಂಡರೂ ಆ ಎರಡು ಕಾಲಂ ನೋಡದೆ ನಂಬಬೇಡಿ. ಇಲಾಖೆಯವರು ತಂದು ತೋರಿಸಿದರೂ ಅಷ್ಟೇ.

ಮುಂದಿನ ಸರದಿ ಮಾಗಡಿ, ಕನಕಪುರದ್ದು

ಚನ್ನಪಟ್ಟಣಕ್ಕೆ ಆದದ್ದು ಆಯ್ತು. ಬೆಂಗಳೂರು ಸುತ್ತ ಸುಮಾರು 280 ಕಿ.ಮೀ. ಉದ್ದದ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ಬರುತ್ತಿದೆ. ದಾಬಸ್‌ಪೇಟೆ–ದೊಡ್ಡಬಳ್ಳಾಪುರ–ಹೊಸಕೋಟೆ ಕಡೆ ಆಗಲೇ ಗಾಡಿ ಓಡುತ್ತಿವೆ. ಯೋಜನೆಯಲ್ಲಿ ಮಾಗಡಿ, ರಾಮನಗರ, ಕನಕಪುರದ ಹೆಸರುಗಳೂ ಇವೆ. ಇದೂ ಎಲ್ಲೆಂದರಲ್ಲಿ ಹತ್ತಿ ಇಳಿಯುವ ರಸ್ತೆ ಅಲ್ಲ. ಅದು ಪೂರ್ತಿಯಾದ ದಿನ, ನಾವು ಮೇಲೆ ಹಾಕಿದ ಮಾಗಡಿ–ಕನಕಪುರ ಲೆಕ್ಕಕ್ಕೆ ಹೊಸ ಗೆರೆ ಸೇರುತ್ತೆ. ರಾಮನಗರದ ಮೇಲೋ ಹಾರೋಹಳ್ಳಿ ಮೇಲೋ ಅನ್ನೋ ಪ್ರಶ್ನೆಗೆ ಮೂರನೇ ಉತ್ತರ ಬರುತ್ತೆ.

ಭೂಮಿ ಪರಿಹಾರದ ಗಲಾಟೆಯಲ್ಲಿ ಎಲ್ಲರ ಗಮನ ಸರ್ವೆ ನಂಬರ್ ಮೇಲಿದೆ, ಅದು ಸಹಜ. ಆದರೆ ಪೇಟೆಯವರು ನೋಡಬೇಕಾದದ್ದು ಆ ನಕ್ಷೆಯ ಇನ್ನೊಂದು ವಿಷಯವನ್ನು: ಹತ್ತುವ, ಇಳಿಯುವ ಗಂಟುಗಳು ಎಲ್ಲೆಲ್ಲಿ ಅಂತ. ರಾಮನಗರ–ಚನ್ನಪಟ್ಟಣ ಬೈಪಾಸ್ ಕಟ್ಟುವಾಗ ವರ್ತಕರ ಸಂಘಗಳು ಈ ಪ್ರಶ್ನೆಯನ್ನು ಜೋರಾಗಿ ಕೇಳಿದ್ದರೆ ಇವತ್ತಿನ ಲೆಕ್ಕ ಸ್ವಲ್ಪವಾದರೂ ಬೇರೆ ಇರುತ್ತಿತ್ತು ಅಂತ ನನ್ನ ಅನಿಸಿಕೆ. ಕಾಂಕ್ರೀಟ್ ಬಿದ್ದ ಮೇಲೆ ಒಂದು ಹೊಸ ಇಳಿಜಾರು ಕೇಳಿ ಪಡೆಯೋಕೆ ವರ್ಷಗಳು ಬೇಕು. ನಕ್ಷೆ ಕಾಗದದ ಮೇಲಿರುವಾಗ ಅದನ್ನು ಲ್ಯಾಪ್‌ಟಾಪ್‌ಗೆ ಹಾಕಿ, ಇಳಿಯುವ ಜಾಗ ಎರಡು ಕಿ.ಮೀ. ಆಚೆ ಸರಿದರೆ ನಮ್ಮ ಸಂತೆ ಬೀದಿಗೆ ಎಷ್ಟು ನಿಮಿಷ, ಆಸ್ಪತ್ರೆಗೆ ಎಷ್ಟು ನಿಮಿಷ ಅಂತ ನೋಡೋಕೆ ಒಂದು ಸಂಜೆ ಸಾಕು. ಮಾಗಡಿ, ಕನಕಪುರದ ವರ್ತಕರು ಆ ಒಂದು ಸಂಜೆಯನ್ನು ಯಾವತ್ತು ಇಟ್ಟುಕೊಳ್ತಾರೆ?